ಕಫದಲ್ಲಿ ಫಂಗಸ್ ಬೆಳೆದಿದೆ ಅಂದರೆ ಔಷಧಿ ಶುರು ಮಾಡಲೇಬೇಕಾ?

ಪ್ರಶ್ನೆ: ನನ್ನ ತಂದೆಗೆ 66 ವರ್ಷ. ಹತ್ತು ವರ್ಷದಿಂದ ಸಿಒಪಿಡಿ (ಉಸಿರಿನ ಕೊಳವೆಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇದೆ. ಬ್ರಾಂಕಿಯೆಕ್ಟಾಸಿಸ್ (ಆ ಕೊಳವೆಗಳು ಅಲ್ಲಲ್ಲಿ ಹಿಗ್ಗಿ ಕಫ ನಿಲ್ಲುವುದು) ಕೂಡ ಇದೆ ಎಂದು ಎರಡು ವರ್ಷದ ಹಿಂದೆ ಸಿಟಿ ಸ್ಕ್ಯಾನ್‌ನಲ್ಲಿ ಗೊತ್ತಾಯಿತು. ಚಿಕ್ಕ ವಯಸ್ಸಿನಲ್ಲಿ ಒಮ್ಮೆ ಟಿಬಿ ಬಂದು ವಾಸಿಯಾಗಿತ್ತು. ದಿನಕ್ಕೆ ಎರಡು ಸಲ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಇರುವ ಇನ್ಹೇಲರ್ ತೆಗೆದುಕೊಳ್ಳುತ್ತಾರೆ. ಕಳೆದ ತಿಂಗಳು ಕಫ ಪರೀಕ್ಷೆ ಮಾಡಿಸಿದಾಗ ‘ಆಸ್ಪರ್ಜಿಲಸ್ ಫ್ಯೂಮಿಗೇಟಸ್’ ಎಂಬ ಫಂಗಸ್ ಬೆಳೆದಿದೆ ಎಂದು ಬಂತು. ಒಬ್ಬ ವೈದ್ಯರು ಇದು ಬರೀ ಕಾಲೊನೈಸೇಶನ್, ಏನೂ ಬೇಡ ಅಂದರು. ಇನ್ನೊಬ್ಬರು ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್ ಮಾತ್ರೆ ಬರೆದುಕೊಟ್ಟರು. ಯಾರ ಮಾತು ಕೇಳಬೇಕು? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಅವರಿಗೆ ಅಂಟುತ್ತದೇನೋ ಎಂಬ ಭಯಕ್ಕೆ ಅಪ್ಪನ ತಟ್ಟೆ, ಲೋಟ ಎಲ್ಲ ಬೇರೆ ಇಟ್ಟಿದ್ದೇವೆ. ಮಾತ್ರೆ ಇನ್ನೂ ಶುರು ಮಾಡಿಲ್ಲ.

ಉತ್ತರ: ಮೊದಲು ತಟ್ಟೆ ಲೋಟದ ವಿಷಯ ಮುಗಿಸಿಬಿಡೋಣ. ಇವತ್ತೇ ಅವನ್ನೆಲ್ಲ ಮತ್ತೆ ಒಟ್ಟಿಗೆ ಸೇರಿಸಿ. ಆಸ್ಪರ್ಜಿಲಸ್ ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆ ಅಲ್ಲ. ಎಂಜಲಿನಿಂದ ಬರುವುದಿಲ್ಲ, ಪಕ್ಕದಲ್ಲಿ ಕೂತರೆ ಬರುವುದಿಲ್ಲ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಬರುವುದಿಲ್ಲ. ಈ ಫಂಗಸ್ ಹರಡುವುದು ಹೊರಗಿನ ಬೂಷ್ಟಿನ ತುದಿಯಲ್ಲಿ ಹುಟ್ಟಿ ಗಾಳಿಯಲ್ಲಿ ತೇಲುವ ಬೀಜಕಣಗಳಿಂದ. ಶ್ವಾಸಕೋಶದ ಲೋಳೆಯೊಳಗೆ ಅದು ಸಾಮಾನ್ಯವಾಗಿ ನೂಲಿನ ಎಳೆಗಳ ಹಾಗೆ ಬೆಳೆಯುತ್ತದೆ, ಅಲ್ಲಿಂದ ಕೆಮ್ಮಿನ ಜೊತೆ ಹಾರಿ ಇನ್ನೊಬ್ಬರಲ್ಲಿ ಬೇರೂರುವುದಿಲ್ಲ. ಅದೇ ಬೀಜಕಣಗಳನ್ನು ನೀವು, ನಾನು, ನಿಮ್ಮ ಮಕ್ಕಳು ಎಲ್ಲರೂ ದಿನಕ್ಕೆ ನೂರಾರು ಲೆಕ್ಕದಲ್ಲಿ ಹೇಗೂ ಉಸಿರಾಡುತ್ತಿದ್ದೇವೆ. ಮೊಮ್ಮಕ್ಕಳು ತಾತನ ತೊಡೆ ಮೇಲೆ ಕೂರಲಿ. ಉಸಿರಿನ ಕಾಯಿಲೆ ಇರುವವರು ಮೊದಲೇ ಒಂಟಿಯಾಗಿರುತ್ತಾರೆ, ಜಾಸ್ತಿ ಹೊತ್ತು ಮಾತಾಡಲು ದಮ್ಮು ಇರುವುದಿಲ್ಲ, ಹೊರಗೆ ಹೋಗಲು ಆಗುವುದಿಲ್ಲ. ಅದರ ಮೇಲೆ ಮನೆಯವರೇ ದೂರ ಇಟ್ಟರೆ ಅವರ ಮನಸ್ಸಿಗೆ ಏನಾಗಬೇಡ?

ಆದರೆ ಒಂದು ಮಾತು. ತಂದೆಯವರಿಗೆ ಹಿಂದೆ ಟಿಬಿ ಬಂದಿತ್ತು ಎಂದು ಬರೆದಿದ್ದೀರಿ. ಈಗಿನ ಕಫದಲ್ಲಿ ಟಿಬಿ ಇಲ್ಲ ಎಂದು ಪರೀಕ್ಷೆ ಮಾಡಿ ಖಚಿತ ಮಾಡಿಕೊಂಡಿದ್ದಾರಾ? ಇಲ್ಲದಿದ್ದರೆ ಅದನ್ನು ಮೊದಲು ಮಾಡಿಸಿ. ಅದು ಅಂಟುವ ಕಾಯಿಲೆ. ಫಂಗಸ್ ಸಿಕ್ಕಿತು ಎಂಬ ಗಲಾಟೆಯಲ್ಲಿ ಟಿಬಿ ಮರುಕಳಿಸಿದ್ದು ಯಾರ ಕಣ್ಣಿಗೂ ಬೀಳದೆ ಹೋಗುವುದುಂಟು. ಎರಡರ ಲಕ್ಷಣಗಳೂ ಒಂದೇ ಥರ ಇರುತ್ತವೆ, ಒಬ್ಬರಲ್ಲೇ ಎರಡೂ ಇರಬಹುದು.

ಇನ್ನು ಇಬ್ಬರು ವೈದ್ಯರಲ್ಲಿ ಯಾರು ಸರಿ? ನೀವು ಬರೆದಿರುವುದನ್ನಷ್ಟೇ ನೋಡಿದರೆ ಇಬ್ಬರದ್ದೂ ಅವಸರದ ಮಾತು ಅನ್ನಿಸುತ್ತದೆ. ಅಲ್ಲಿ ಯಾವ ಫಂಗಸ್ ಇದೆ ಎನ್ನುವುದನ್ನು ಮಾತ್ರ ಲ್ಯಾಬ್ ಹೇಳಿದೆ. ಅದು ಒಳಗೆ ಏನು ಮಾಡುತ್ತಿದೆ ಎಂದು ಹೇಳಿಲ್ಲ, ಕಫ ಪರೀಕ್ಷೆಯಿಂದ ಅದನ್ನು ಹೇಳಲು ಆಗುವುದೂ ಇಲ್ಲ. ಕಾಲೊನೈಸೇಶನ್ ಎಂದರೆ ಫಂಗಸ್ ಇದೆ, ಆದರೆ ಅದರಿಂದ ಹಾನಿ ಆಗುತ್ತಿಲ್ಲ ಎಂದರ್ಥ. ‘ಹಾನಿ ಆಗುತ್ತಿಲ್ಲ’ ಎನ್ನಬೇಕಾದರೆ ಹಾನಿ ಇದೆಯಾ ಎಂದು ಹುಡುಕಿರಬೇಕು ಅಲ್ವಾ? ಹುಡುಕದೆ ಆ ಪದ ಬಳಸಿದರೆ ಅದು ಊಹೆ. ಹಾಗೆಯೇ ಹುಡುಕದೆ ಮಾತ್ರೆ ಬರೆದರೆ ಅದೂ ಊಹೆಯೇ. ಮಾತ್ರೆ ಶುರು ಮಾಡದೆ ಕಾದಿದ್ದೀರಿ, ಒಳ್ಳೆಯದೇ ಆಯಿತು. ಕೆಲವು ದಿನ ಕಾದು ಸರಿಯಾಗಿ ಪರೀಕ್ಷೆ ಮಾಡಿಸಲು ಸಾಮಾನ್ಯವಾಗಿ ಸಮಯ ಇರುತ್ತದೆ. ಯಾವಾಗ ಇರುವುದಿಲ್ಲ ಎಂದು ಮುಂದೆ ಹೇಳುತ್ತೇನೆ.

ಈ ಫಂಗಸ್ ಒಳಗೆ ಹೇಗೆ ಹೋಯಿತು ಎಂಬ ಚಿಂತೆ ಎಲ್ಲರಿಗೂ ಬರುತ್ತದೆ. ಏನೋ ತಪ್ಪು ಮಾಡಿದೆವು, ಮನೆ ಸ್ವಚ್ಛ ಇರಲಿಲ್ಲ ಎಂದು ಕೊರಗುತ್ತಾರೆ. ಹಾಗೇನೂ ಇಲ್ಲ. ಆಸ್ಪರ್ಜಿಲಸ್ ಮಣ್ಣಿನಲ್ಲಿ, ಕೊಳೆಯುವ ಎಲೆಯಲ್ಲಿ, ಗೊಬ್ಬರದಲ್ಲಿ, ಒದ್ದೆ ಗೋಡೆಯಲ್ಲಿ, ದೂಳಿನಲ್ಲಿ ಎಲ್ಲ ಕಡೆ ಇರುವ ಬೂಷ್ಟು. ಅದಕ್ಕೆ ಹೆಸರಿಟ್ಟವರು ಇಟಲಿಯ ಪಾದ್ರಿ ಮತ್ತು ಸಸ್ಯಶಾಸ್ತ್ರಜ್ಞ ಪಿಯೆರ್ ಆಂಟೋನಿಯೊ ಮಿಕೆಲಿ, 1729ರಲ್ಲಿ. ಚರ್ಚಿನಲ್ಲಿ ಪವಿತ್ರ ನೀರು ಚಿಮುಕಿಸುವ ಸಾಧನದ ಆಕಾರ ಅವರಿಗೆ ಅದರಲ್ಲಿ ಕಂಡಿತಂತೆ. ಮನುಷ್ಯನ ಶ್ವಾಸಕೋಶದಲ್ಲಿ ಫಂಗಸ್ ಬೆಳೆದಿದ್ದನ್ನು ಎಡಿನ್‌ಬರೋದ ವೈದ್ಯ ಜಾನ್ ಹ್ಯೂಸ್ ಬೆನೆಟ್ 1842ರಲ್ಲೇ ವಿವರಿಸಿದ್ದರು. ಅಂದರೆ ಇದು ಹೊಸದಾಗಿ ಬಂದ ಪಿಡುಗಲ್ಲ.

ಫ್ಯೂಮಿಗೇಟಸ್ ಎಂಬ ಜಾತಿ ಮನುಷ್ಯನಿಗೆ ಇಷ್ಟು ತೊಂದರೆ ಕೊಡಲು ಕಾರಣಗಳಿವೆ. ಅದರ ಬೀಜಕಣ ಬರೀ 2ರಿಂದ 3 ಮೈಕ್ರಾನ್ ಅಗಲ, ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಭಾಗ ಇರಬಹುದು ಅಷ್ಟೇ. ದೊಡ್ಡ ಕಣಗಳು ಮೂಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತವೆ, ಇವು ಶ್ವಾಸಕೋಶದ ತುತ್ತತುದಿಯ ಗಾಳಿಚೀಲದವರೆಗೂ ಹೋಗಿಬಿಡುತ್ತವೆ. ತುಂಬಾ ಬೂಷ್ಟುಗಳು ನಮ್ಮ ಮೈ ಬಿಸಿಗೆ ಬೆಳೆಯಲಾರವು. ಇದಕ್ಕೆ 37 ಡಿಗ್ರಿ ಸಲೀಸು, 50 ಡಿಗ್ರಿಯಲ್ಲೂ ಬೆಳೆಯುತ್ತದೆ, ಬಿಸಿಯೇಳುವ ಗೊಬ್ಬರದ ರಾಶಿಯೊಳಗೆ ಬದುಕಿ ಅಭ್ಯಾಸ ಅದಕ್ಕೆ. ಇನ್ನೊಂದು ಸಂಗತಿ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ: ಒಣ ಬೀಜಕಣದ ಮೈಮೇಲೆ ಒಂದು ಪ್ರೋಟೀನ್ ಹೊದಿಕೆ ಇರುತ್ತದೆ, ಅದು ಇರುವವರೆಗೂ ನಮ್ಮ ರಕ್ಷಣಾ ಕೋಶಗಳಿಗೆ ಅದು ಶತ್ರು ಎಂದು ಸರಿಯಾಗಿ ಗೊತ್ತೇ ಆಗುವುದಿಲ್ಲ. ಕಣ ಉಬ್ಬಿ ಮೊಳಕೆಯೊಡೆಯಲು ಶುರು ಮಾಡಿದಾಗ ಹೊದಿಕೆ ಹರಿಯುತ್ತದೆ, ಆಗ ಕೋಶಗಳು ಎಚ್ಚೆತ್ತು ನುಂಗುತ್ತವೆ. ಒಂದು ರೀತಿಯಲ್ಲಿ ಇದು ನಮಗೂ ಒಳ್ಳೆಯದೇ. ಉಸಿರಾಡಿದ ಪ್ರತಿ ಕಣಕ್ಕೂ ದೇಹ ಯುದ್ಧ ಸಾರಿದರೆ ಶ್ವಾಸಕೋಶ ಸದಾ ಉರಿಯೂತದಲ್ಲೇ ಇರುತ್ತಿತ್ತು.

ಆರೋಗ್ಯವಾಗಿರುವ ಶ್ವಾಸಕೋಶದಲ್ಲಿ ಇಷ್ಟು ಹೊತ್ತು ಕಾಯುವ ಪ್ರಶ್ನೆಯೇ ಬರುವುದಿಲ್ಲ. ಗಾಳಿಕೊಳವೆಗಳ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರೋಮಗಳಿವೆ, ಅವುಗಳ ಮೇಲೆ ತೆಳುವಾದ ಲೋಳೆಯ ಹಾಸು. ರೋಮಗಳು ಒಟ್ಟಾಗಿ ಬಡಿಯುತ್ತಾ ಆ ಹಾಸನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತವೆ, ಅದರ ಜೊತೆ ದೂಳು, ಬೀಜಕಣ ಎಲ್ಲ ಗಂಟಲಿಗೆ ಬಂದು ನಾವು ಗೊತ್ತಿಲ್ಲದೆ ನುಂಗಿಬಿಡುತ್ತೇವೆ. ದಿನವೂ ಗುಡಿಸುವ ಮನೆಯಲ್ಲಿ ಬೂಷ್ಟು ಹಿಡಿಯುವುದಿಲ್ಲವಲ್ಲ, ಹಾಗೆ. ಸಿಒಪಿಡಿಯಲ್ಲಿ ಹೊಗೆಯಿಂದ ಈ ರೋಮಗಳು ಸುಟ್ಟು ಹೋಗಿರುತ್ತವೆ, ಲೋಳೆ ಜಾಸ್ತಿ, ಅದೂ ಗಟ್ಟಿ. ಬ್ರಾಂಕಿಯೆಕ್ಟಾಸಿಸ್‌ನಲ್ಲಿ ಕೊಳವೆಗಳು ಹಿಗ್ಗಿ ಜೋತುಬಿದ್ದು ಅಲ್ಲಲ್ಲಿ ಕಫ ನಿಂತುಬಿಡುತ್ತದೆ. ಹಳೆಯ ಟಿಬಿಯಲ್ಲಿ ಟೊಳ್ಳು ಉಳಿದಿದ್ದರೆ ಅಲ್ಲಿಗೆ ರಕ್ಷಣಾ ಕೋಶಗಳು ಸರಿಯಾಗಿ ತಲುಪುವುದೂ ಇಲ್ಲ. ಹುಟ್ಟಿನಿಂದ ಬರುವ ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ಲೋಳೆಯೇ ಅಂಟಂಟಾಗಿರುತ್ತದೆ, ಅವರಲ್ಲಿ ಈ ಫಂಗಸ್ ಪದೇ ಪದೇ ಸಿಗುತ್ತದೆ. ಇದರ ಮೇಲೆ ಸ್ಟೀರಾಯ್ಡ್ ಬಳಕೆ ಇದ್ದರೆ ರಕ್ಷಣಾ ಕೋಶಗಳ ಕೈ ಕಟ್ಟಿದ ಹಾಗೆ. ಹೀಗೆ ನೋಡಿದರೆ ನಿಮ್ಮ ತಂದೆಯವರ ಕಫದಲ್ಲಿ ಆಸ್ಪರ್ಜಿಲಸ್ ಸಿಕ್ಕಿದ್ದರಲ್ಲಿ ಆಶ್ಚರ್ಯ ಇಲ್ಲ. ಒಳಗೆ ಬರುವ ಕಣಗಳ ಲೆಕ್ಕ ನಿಮಗೂ ಅವರಿಗೂ ಹೆಚ್ಚುಕಮ್ಮಿ ಒಂದೇ, ಅವರಲ್ಲಿ ಹೊರಗೆ ಹೋಗುವುದು ಕಡಿಮೆ.

ಇಲ್ಲೇ ಒಂದು ಅಡ್ಡಮಾತು. ರಿಪೋರ್ಟಿನಲ್ಲಿ ಆಸ್ಪರ್ಜಿಲಸ್ ಬದಲು ‘ಕ್ಯಾಂಡಿಡಾ’ ಎಂಬ ಇನ್ನೊಂದು ಫಂಗಸ್‌ನ ಹೆಸರು ಬರೆದಿದ್ದರೆ ನನ್ನ ಉತ್ತರ ತುಂಬಾ ಚಿಕ್ಕದಾಗಿರುತ್ತಿತ್ತು. ಕಫದಲ್ಲಿ ಸಿಗುವ ಕ್ಯಾಂಡಿಡಾ ಬಹುಪಾಲು ಬಾಯಿ, ಗಂಟಲಿನಿಂದ ಸೇರಿಕೊಂಡದ್ದು. ಅದು ಶ್ವಾಸಕೋಶಕ್ಕೆ ಸೋಂಕು ಮಾಡುವುದು ಬಹಳ ಅಪರೂಪ. ಇನ್ಹೇಲರ್ ಸ್ಟೀರಾಯ್ಡ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸದವರಲ್ಲಿ, ಆಂಟಿಬಯೋಟಿಕ್ ಜಾಸ್ತಿ ತಿಂದವರಲ್ಲಿ ಇದು ಸಾಮಾನ್ಯ. ಬಾಯಲ್ಲಿ ಬಿಳಿ ಪದರ ಇದ್ದರೆ ಅದಕ್ಕೆ ಚಿಕಿತ್ಸೆ ಮಾಡಿ, ಶ್ವಾಸಕೋಶದ ಹೆಸರಿನಲ್ಲಿ ತಿಂಗಳುಗಟ್ಟಲೆ ಮಾತ್ರೆ ಬೇಡ. ಪೆನಿಸಿಲಿಯಂ ಎಂಬ ಬೂಷ್ಟು ಬೆಳೆದಿದೆ ಎಂದು ಬಂದರೂ ಸಾಮಾನ್ಯವಾಗಿ ಗಾಳಿಯಿಂದ ಲ್ಯಾಬಿನ ಪ್ಲೇಟಿಗೆ ಬಿದ್ದದ್ದೇ.

ಆಸ್ಪರ್ಜಿಲಸ್ ವಿಷಯ ಅಷ್ಟು ಸಲೀಸಲ್ಲ. ಒಂದೇ ಸಲ ಸಿಕ್ಕಿದ್ದರೆ, ಅವತ್ತಷ್ಟೇ ಉಸಿರಾಡಿದ ಕಣ ಕಫದ ಜೊತೆ ಬಂದಿರಲೂಬಹುದು. ಎರಡು ಮೂರು ತಿಂಗಳಲ್ಲಿ ಮತ್ತೆ ಮತ್ತೆ ಸಿಕ್ಕರೆ ಅದು ಒಳಗೆ ನೆಲೆಸಿದೆ ಎಂದು ನಂಬಬಹುದು. ಆದ್ದರಿಂದ ಕಫವನ್ನು ಇನ್ನೂ ಎರಡು ಮೂರು ಸಲ ಕೊಡಿ. ಬೆಳಿಗ್ಗೆ ಎದ್ದು ಬಾಯಿ ತೊಳೆದುಕೊಂಡು, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು. ಎಂಜಲು ಕೊಟ್ಟರೆ ಬಾಯಿಯ ವರದಿ ಬರುತ್ತದೆ. ಮಾಮೂಲಿ ಕಲ್ಚರ್‌ನಲ್ಲಿ, ಅಂದರೆ ಕಫವನ್ನು ಪ್ಲೇಟಿಗೆ ಹಾಕಿ ಏನು ಬೆಳೆಯುತ್ತದೆ ಎಂದು ನೋಡುವ ಪರೀಕ್ಷೆಯಲ್ಲಿ, ಲ್ಯಾಬಿನವರು ಪ್ಲೇಟಿಗೆ ಹಾಕುವುದು ತುಂಬಾ ಸ್ವಲ್ಪ ಕಫ, ಹಾಗಾಗಿ ಫಂಗಸ್ ಇದ್ದರೂ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ‘ಈ ಸಲ ಬೆಳೆದಿಲ್ಲ’ ಎಂದ ಕೂಡಲೇ ಹೋಯಿತು ಎಂದುಕೊಳ್ಳಬೇಡಿ. ಫಂಗಸ್‌ನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಇನ್ನೂ ಸೂಕ್ಷ್ಮ, ಆದರೆ ಅದೂ ಇದೆ ಅಥವಾ ಇಲ್ಲ ಎಂದು ಮಾತ್ರ ಹೇಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನೆಲೆಸಿದ ಫಂಗಸ್ ಸುಮ್ನೆ ಇದ್ದುಬಿಡಬಹುದು, ವರ್ಷಗಟ್ಟಲೆ. ಇಲ್ಲದಿದ್ದರೆ ಅದು ಹೋಗುವ ದಾರಿಗಳು ಬೇರೆ ಬೇರೆ, ಒಂದೊಂದಕ್ಕೂ ಚಿಕಿತ್ಸೆ ಪೂರ್ತಿ ಬೇರೆ. ಅದಕ್ಕೇ ಸುಮ್ನೆ ‘ಫಂಗಸ್‌ಗೆ ಮಾತ್ರೆ’ ಎನ್ನುವ ಯೋಚನೆ ನನಗೆ ಒಪ್ಪಿಗೆಯಾಗುವುದಿಲ್ಲ.

ಒಂದು ದಾರಿ ಅಲರ್ಜಿ. ಇಲ್ಲಿ ಫಂಗಸ್ ಅಂಗಾಂಶವನ್ನು ಕೊರೆದು ತಿನ್ನುವುದಿಲ್ಲ, ಕೊಳವೆಯ ಲೋಳೆಯಲ್ಲೇ ಇರುತ್ತದೆ, ಆದರೆ ದೇಹ ಅದಕ್ಕೆ ಅತಿಯಾಗಿ ಸಿಡಿಮಿಡಿಗೊಳ್ಳುತ್ತದೆ. ಹಾನಿ ಮಾಡುವುದು ಆ ಸಿಡಿಮಿಡಿ. ಇದಕ್ಕೆ ಎಬಿಪಿಎ (ಅಲರ್ಜಿಕ್ ಬ್ರಾಂಕೊಪಲ್ಮನರಿ ಆಸ್ಪರ್ಜಿಲೋಸಿಸ್) ಎಂದು ಹೆಸರು, 1952ರಲ್ಲಿ ಇಂಗ್ಲೆಂಡಿನ ಹಿನ್ಸನ್, ಮೂನ್ ಮತ್ತು ಪ್ಲಮರ್ ಮೊದಲು ವಿವರಿಸಿದರು. ಆಸ್ತಮಾ ಮತ್ತು ಸಿಸ್ಟಿಕ್ ಫೈಬ್ರೋಸಿಸ್ ಇರುವವರಲ್ಲಿ ಜಾಸ್ತಿ, ಸಿಒಪಿಡಿ ಮತ್ತು ಬ್ರಾಂಕಿಯೆಕ್ಟಾಸಿಸ್‌ನಲ್ಲೂ ಆಗುತ್ತದೆ. ಉಬ್ಬಸ ಹಿಡಿತಕ್ಕೆ ಬರುವುದಿಲ್ಲ, ಕಂದು ಬಣ್ಣದ ಗಟ್ಟಿ ತುಣುಕುಗಳು ಕೆಮ್ಮಿನಲ್ಲಿ ಬರುತ್ತವೆ, ಎಕ್ಸ್‌ರೇಯಲ್ಲಿ ಒಂದು ಸಲ ಇಲ್ಲಿ ನೆರಳು, ಇನ್ನೊಂದು ಸಲ ಅಲ್ಲಿ. ನ್ಯುಮೋನಿಯಾ ಎಂದು ಆಂಟಿಬಯೋಟಿಕ್ ಕೊಡುತ್ತಾ ಹೋಗುತ್ತಾರೆ, ಅದಕ್ಕೆ ಜಗ್ಗುವುದಿಲ್ಲ. ಕಂಡುಹಿಡಿಯುವುದು ರಕ್ತಪರೀಕ್ಷೆಯಿಂದ: ಆಸ್ಪರ್ಜಿಲಸ್ ವಿರುದ್ಧದ ಐಜಿಇ (ಅಲರ್ಜಿಯ ಪ್ರತಿಕಾಯ) 0.35 ಅಥವಾ ಅದಕ್ಕಿಂತ ಮೇಲಿದೆಯಾ, ಒಟ್ಟು ಐಜಿಇ 500ರ ಆಸುಪಾಸು ಅಥವಾ ಜಾಸ್ತಿ ಇದೆಯಾ, ಅಲರ್ಜಿಯಲ್ಲಿ ಹೆಚ್ಚುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಏರಿವೆಯಾ ಎಂದು ನೋಡುತ್ತಾರೆ. ಸಿಟಿ ಸ್ಕ್ಯಾನ್‌ನಲ್ಲಿ ಕೊಳವೆಗಳೊಳಗೆ ಸ್ನಾಯುವಿಗಿಂತಲೂ ಬಿಳಿಯಾಗಿ ಕಾಣುವ ಗಟ್ಟಿ ಲೋಳೆ ಇದ್ದರೆ ಅನುಮಾನವೇ ಇಲ್ಲದ ಹಾಗೆ. ಇದಕ್ಕೆ ಚಿಕಿತ್ಸೆ ಬಾಯಿಯಿಂದ ಕೊಡುವ ಸ್ಟೀರಾಯ್ಡ್ ಅಥವಾ ಇಟ್ರಾಕೊನಜೋಲ್, ಸುಮಾರು ನಾಲ್ಕು ತಿಂಗಳು. ಐಜಿಇ ಪೂರ್ತಿ ನಾರ್ಮಲ್ ಆಗಬೇಕು ಎಂದು ಯಾರೂ ಹಟ ಹಿಡಿಯಬಾರದು, ಬಹಳಷ್ಟು ಜನರಲ್ಲಿ ಅದು ಆಗುವುದೇ ಇಲ್ಲ. ಸಾಕಷ್ಟು ಇಳಿದು ಅಲ್ಲೇ ನಿಂತರೆ ಸಾಕು.

ಇನ್ನೊಂದು ದಾರಿ ನಿಮ್ಮ ತಂದೆಯವರ ವಿಷಯದಲ್ಲಿ ನನಗೆ ಜಾಸ್ತಿ ಯೋಚನೆ ಕೊಡುವಂಥದ್ದು. ಹಳೆಯ ಟಿಬಿಯ ಟೊಳ್ಳಿನಲ್ಲಿ ಫಂಗಸ್ ಸೇರಿ ಎಳೆಗಳೆಲ್ಲ ಲೋಳೆಯ ಜೊತೆ ಉಂಡೆಯಾಗುತ್ತವೆ. ಎಷ್ಟೋ ಸಲ ಸ್ಕ್ಯಾನ್‌ನಲ್ಲಿ ರೋಗಿ ಮಗ್ಗುಲು ಬದಲಿಸಿದರೆ ಉಂಡೆಯೂ ಟೊಳ್ಳಿನೊಳಗೆ ಉರುಳುವುದು ಕಾಣುತ್ತದೆ. ಇದು ಅಪರೂಪ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಟಿಬಿ ವಾಸಿಯಾದರೂ 2.5 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಟೊಳ್ಳು ಉಳಿದಿದ್ದ 544 ಜನರನ್ನು ಪರೀಕ್ಷಿಸಿದರು. ಅವರಲ್ಲಿ ಸುಮಾರು ನಾಲ್ಕನೇ ಒಂದು ಭಾಗದವರ ರಕ್ತದಲ್ಲಿ ಆಸ್ಪರ್ಜಿಲಸ್ ವಿರುದ್ಧದ ಪ್ರತಿಕಾಯ ಸಿಕ್ಕಿತು. ಉಂಡೆ ಒಂದೇ ಇದ್ದು ತೆಪ್ಪಗೆ ಇದ್ದರೆ ನೋಡಿಕೊಂಡು ಇರುತ್ತಾರೆ, ರಕ್ತ ಬರುತ್ತಿದ್ದು ರೋಗಿಗೆ ಶಕ್ತಿ ಇದ್ದರೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಆದರೆ ಕೆಲವರಲ್ಲಿ ಟೊಳ್ಳು ತಿಂಗಳಿಂದ ತಿಂಗಳಿಗೆ ದೊಡ್ಡದಾಗುತ್ತದೆ, ಗೋಡೆ ದಪ್ಪ ಆಗುತ್ತದೆ, ಹೊಸ ಟೊಳ್ಳುಗಳು ಹುಟ್ಟುತ್ತವೆ. ತೂಕ ಇಳಿಯುತ್ತದೆ, ಸುಸ್ತು, ಕೆಮ್ಮು, ಆಗೊಮ್ಮೆ ಈಗೊಮ್ಮೆ ರಕ್ತ. ಮೂರು ತಿಂಗಳಿಗಿಂತ ಜಾಸ್ತಿ ಹೀಗೆ ಇದ್ದು, ಸ್ಕ್ಯಾನ್‌ನಲ್ಲಿ ಅಂಥ ಚಿತ್ರ ಇದ್ದು, ರಕ್ತದಲ್ಲಿ ಆಸ್ಪರ್ಜಿಲಸ್ ಐಜಿಜಿ ಎಂಬ ಪ್ರತಿಕಾಯ ಪಾಸಿಟಿವ್ ಬಂದರೆ, ಅದನ್ನು ಸಿಪಿಎ (ಶ್ವಾಸಕೋಶದ ದೀರ್ಘಕಾಲದ ಆಸ್ಪರ್ಜಿಲಸ್ ಸೋಂಕು) ಅನ್ನುತ್ತಾರೆ. ಅದಕ್ಕೆ ಔಷಧಿ ಬೇಕೇ ಬೇಕು, ಕಡಿಮೆ ಅಂದರೆ ಆರು ತಿಂಗಳು. ಹನ್ನೆರಡು ತಿಂಗಳು ಕೊಟ್ಟರೆ ಮರುಕಳಿಸುವುದು ಕಡಿಮೆ ಎಂದು ಈಚೆಗೆ ಗೊತ್ತಾಗಿದೆ. ಟಿಬಿ ಮತ್ತೆ ಬಂದಿದೆ ಎಂದು ಅಂದಾಜಿನ ಮೇಲೆ ಟಿಬಿ ಮಾತ್ರೆ ಕೊಟ್ಟು ತಿಂಗಳುಗಳು ಕಳೆದುಹೋದ ಸಿಪಿಎ ರೋಗಿಗಳನ್ನು ನಾನು ಕಂಡಿದ್ದೇನೆ. ಅಷ್ಟರಲ್ಲಿ ಹೋದ ಶ್ವಾಸಕೋಶ ವಾಪಸು ಬರುವುದಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೊನೆಯ ದಾರಿ ಅಪರೂಪ, ಆದರೆ ಅಪಾಯ. ಫಂಗಸ್ ಅಂಗಾಂಶವನ್ನು ಕೊರೆದು ರಕ್ತನಾಳಕ್ಕೆ ನುಗ್ಗುತ್ತದೆ. ಕೀಮೋಥೆರಪಿಯಿಂದ ಬಿಳಿ ರಕ್ತಕಣ ಕುಸಿದವರಲ್ಲಿ, ಅಂಗಾಂಗ ಕಸಿ ಆದವರಲ್ಲಿ ಇದು ಹೆಚ್ಚು. ಸಿಒಪಿಡಿ ಇರುವವರಲ್ಲೂ ಆಗಬಹುದು, ಮುಖ್ಯವಾಗಿ ಪದೇ ಪದೇ ಅಥವಾ ವಾರಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತಿಂದವರಲ್ಲಿ, ಕೆಟ್ಟ ಫ್ಲೂ ಅಥವಾ ಕೋವಿಡ್ ಬಂದು ಐಸಿಯು ಸೇರಿದವರಲ್ಲಿ. ಜ್ವರ, ದಿನದಿಂದ ದಿನಕ್ಕೆ ಹೆಚ್ಚುವ ಏದುಸಿರು, ಆಂಟಿಬಯೋಟಿಕ್‌ಗೆ ಜಗ್ಗದ ನ್ಯುಮೋನಿಯಾ, ಜೊತೆಗೆ ಕಫದಲ್ಲಿ ಆಸ್ಪರ್ಜಿಲಸ್. ಹೀಗಿದ್ದಾಗ ಮಾತ್ರ ಕಾಯಲು ಸಮಯ ಇರುವುದಿಲ್ಲ. ಪರೀಕ್ಷೆಗಳ ಫಲಿತಾಂಶ ಬರುವ ಮೊದಲೇ ಚಿಕಿತ್ಸೆ ಶುರು ಮಾಡುತ್ತಾರೆ. ನಿಮ್ಮ ತಂದೆ ಈ ಲಕ್ಷಣಗಳಿಲ್ಲದೆ ಮನೆಯಲ್ಲಿ ಓಡಾಡಿಕೊಂಡು ಇದ್ದಾರೆ ಎಂದರೆ ಸಾಮಾನ್ಯವಾಗಿ ಈ ಸ್ಥಿತಿ ಅಲ್ಲ.

ಹಾಗಾದರೆ ಮುಂದಿನ ಭೇಟಿಯಲ್ಲಿ ಏನು ಕೇಳಬೇಕು? ಎರಡು ವರ್ಷದ ಹಳೆಯ ಸಿಟಿ ಇದೆಯಲ್ಲ, ಅದನ್ನು ತೆಗೆದುಕೊಂಡು ಹೋಗಿ, ಹೊಸದೊಂದು ಮಾಡಿಸಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಲು ಕೇಳಿ. ಈ ಕಾಯಿಲೆಯಲ್ಲಿ ಒಂದು ಚಿತ್ರಕ್ಕಿಂತ ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಜಾಸ್ತಿ ಹೇಳುತ್ತದೆ. ಟೊಳ್ಳು ಇದೆಯಾ, ಬದಲಾಗಿದೆಯಾ? ಆಮೇಲೆ ರಕ್ತದಲ್ಲಿ ಆಸ್ಪರ್ಜಿಲಸ್ ಐಜಿಇ, ಆಸ್ಪರ್ಜಿಲಸ್ ಐಜಿಜಿ, ಒಟ್ಟು ಐಜಿಇ, ಇಯೊಸಿನೊಫಿಲ್ ಎಣಿಕೆ. ಐಜಿಇ ಅಲರ್ಜಿಯ ಕಡೆ ಬೆರಳು ತೋರಿಸುತ್ತದೆ, ಐಜಿಜಿ ದೀರ್ಘಕಾಲದ ಸೋಂಕಿನ ಕಡೆ. ಹೆಸರು ಹತ್ತಿರ ಇರುವುದರಿಂದ ಒಂದರ ಬದಲು ಇನ್ನೊಂದು ಮಾಡಿಸಿ ಬರುವುದುಂಟು, ಚೀಟಿಯಲ್ಲಿ ಸರಿಯಾಗಿ ಓದಿಕೊಳ್ಳಿ. ಇವೆಲ್ಲ ಶಾಂತವಾಗಿದ್ದು, ಸ್ಕ್ಯಾನ್ ಬದಲಾಗದೆ ಇದ್ದು, ತೂಕ ಇಳಿಯದೆ ಇದ್ದರೆ ಮೊದಲ ವೈದ್ಯರ ಮಾತು ನಿಜ, ಅದು ಕಾಲೊನೈಸೇಶನ್ನೇ. ಆಗ ಮಾತ್ರೆ ಬೇಡ.

ಬರೀ ಕಾಲೊನೈಸೇಶನ್‌ಗೆ ಮಾತ್ರೆ ಕೊಟ್ಟರೆ ಏನು ನಷ್ಟ, ಒಂದು ಸಲ ತೊಳೆದುಹೋಗಲಿ ಎಂದು ನಿಮಗೆ ಅನ್ನಿಸಬಹುದು. ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸಿಸ್ಟಿಕ್ ಫೈಬ್ರೋಸಿಸ್ ಇದ್ದು ಕಫದಲ್ಲಿ ಆಸ್ಪರ್ಜಿಲಸ್ ಮತ್ತೆ ಮತ್ತೆ ಸಿಗುತ್ತಿದ್ದ 35 ಜನರಿಗೆ ಕೆನಡಾದಲ್ಲಿ ಇಟ್ರಾಕೊನಜೋಲ್ ಅಥವಾ ಹುಸಿ ಮಾತ್ರೆ ಕೊಟ್ಟು ಹೋಲಿಸಿದರು, 2012ರಲ್ಲಿ ಫಲಿತಾಂಶ ಬಂತು. ಪ್ರಯೋಜನ ಕಾಣಲಿಲ್ಲ. ತೀವ್ರ ಆಸ್ತಮಾ ಜೊತೆಗೆ ಫಂಗಸ್ ಅಲರ್ಜಿ ಇದ್ದವರಲ್ಲಿ 2008ರ ಒಂದು ಅಧ್ಯಯನದಲ್ಲಿ ಇಟ್ರಾಕೊನಜೋಲ್‌ನಿಂದ ಸುಮಾರು 60 ಶೇಕಡಾ ಜನರಿಗೆ ಚೆನ್ನಾಗಿ ಅನ್ನಿಸಿತು, ಆದರೆ ಐದು ವರ್ಷದ ನಂತರ ಅದೇ ಗುಂಪಿನ ವೊರಿಕೊನಜೋಲ್ ಕೊಟ್ಟು ನೋಡಿದಾಗ ಲಾಭ ಸಿಗಲಿಲ್ಲ. ಔಷಧಿ ಬೇಕಾದವರು ಇದ್ದಾರೆ, ಆದರೆ ಎಲ್ಲರೂ ಅಲ್ಲ. ಆ ಬೇಕಾದವರನ್ನು ಹುಡುಕುವುದೇ ವೈದ್ಯರ ಕೆಲಸ.

ನಷ್ಟದ ವಿಷಯಕ್ಕೆ ಬಂದರೆ, ನಿಮ್ಮ ತಂದೆಯವರ ಇನ್ಹೇಲರ್ ನೋಡಿದ ತಕ್ಷಣ ನಾನು ಬೆಚ್ಚಿದೆ. ದಯವಿಟ್ಟು ಇದನ್ನು ಎರಡು ಸಲ ಓದಿ. ಬುಡೆಸೊನೈಡ್ ಶ್ವಾಸಕೋಶದಲ್ಲಿ ಕೆಲಸ ಮುಗಿಸಿ ರಕ್ತಕ್ಕೆ ಸೇರಿದ ಮೇಲೆ ಲಿವರ್‌ನ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಇಟ್ರಾಕೊನಜೋಲ್ ಆ ಕಿಣ್ವವನ್ನೇ ತಡೆಯುತ್ತದೆ. ಆಗ ಇನ್ಹೇಲರ್‌ನಲ್ಲಿರುವ ಚಿಟಿಕೆಯಷ್ಟು ಸ್ಟೀರಾಯ್ಡ್ ರಕ್ತದಲ್ಲಿ ಕೂಡುತ್ತಾ ಹೋಗಿ, ದಿನಾ ಸ್ಟೀರಾಯ್ಡ್ ಮಾತ್ರೆ ನುಂಗಿದ ಹಾಗೆ ಆಗುತ್ತದೆ. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಚರ್ಮ ತೆಳುವಾಗಿ ಮುಟ್ಟಿದರೆ ಕಪ್ಪಾಗುತ್ತದೆ. ಒಳಗೆ ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರೀನಲ್ ಗ್ರಂಥಿ ಕೆಲಸ ನಿಲ್ಲಿಸಿಬಿಡುತ್ತದೆ. ಆಮೇಲೆ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಫ್ಲೂಟಿಕಾಸೋನ್ ಇರುವ ಇನ್ಹೇಲರ್‌ಗೂ ಇದೇ ಮಾತು. ನನ್ನ ಬಳಿ ಬಂದ ಒಬ್ಬ ಹಿರಿಯ ಮಹಿಳೆಗೆ ಬೇರೆ ಕಡೆ ಎರಡನ್ನೂ ಒಟ್ಟಿಗೆ ಐದು ತಿಂಗಳು ಕೊಟ್ಟಿದ್ದರು. ಮುಖ ಗುಂಡಗಾದಾಗ ಮನೆಯವರು ‘ಮೈ ಹಿಡಿದಿದೆ, ಚೇತರಿಸಿಕೊಂಡರು’ ಎಂದು ಖುಷಿಪಟ್ಟಿದ್ದರು. ಇಟ್ರಾಕೊನಜೋಲ್ ನಿಜಕ್ಕೂ ಬೇಕಾದರೆ ಇನ್ಹೇಲರ್ ಬದಲಿಸಬಹುದು, ಬೆಕ್ಲೊಮೆಥಾಸೋನ್ ಈ ವಿಷಯದಲ್ಲಿ ಎಷ್ಟೋ ವಾಸಿ. ನಿಮ್ಮ ಎರಡನೇ ವೈದ್ಯರಿಗೆ ಇನ್ಹೇಲರ್ ಹೆಸರು ಹೇಳಿದ್ದಿರಾ? ಎಷ್ಟೋ ಜನ ‘ಯಾವ ಮಾತ್ರೆ ತಗೊಳ್ತೀರಿ’ ಎಂದರೆ ಇನ್ಹೇಲರ್ ಹೇಳುವುದೇ ಇಲ್ಲ, ಅದು ಮಾತ್ರೆ ಅಲ್ಲ ಎಂದು. ಇನ್ನು ಮುಂದೆ ಚೀಲದಲ್ಲಿ ಎಲ್ಲವನ್ನೂ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಆದರೆ ಇದನ್ನು ಓದಿ ಇನ್ಹೇಲರ್ ಮಾತ್ರ ನಿಲ್ಲಿಸಬೇಡಿ. ಅದು ಬೇಕೋ ಬೇಡವೋ ಎನ್ನುವುದನ್ನು ವೈದ್ಯರ ಜೊತೆ ಕೂತು ನಿರ್ಧರಿಸಿ.

ಹೃದಯ ದುರ್ಬಲ ಇರುವವರಿಗೆ ಇಟ್ರಾಕೊನಜೋಲ್ ಕೊಡುವುದಿಲ್ಲ, ಅದು ಹೃದಯದ ಬಡಿತದ ಬಲವನ್ನು ಇನ್ನೂ ಕುಗ್ಗಿಸುತ್ತದೆ. ಕಾಲು ಊತ ಬಂದರೆ ತಕ್ಷಣ ತಿಳಿಸಬೇಕು. ಲಿವರ್ ಪರೀಕ್ಷೆ ಆಗಾಗ ಬೇಕು. ಕ್ಯಾಪ್ಸೂಲ್ ಆದರೆ ಊಟದ ಜೊತೆ ತೆಗೆದುಕೊಳ್ಳಬೇಕು, ಹೊಟ್ಟೆಯಲ್ಲಿ ಆಮ್ಲ ಇದ್ದರೆ ಮಾತ್ರ ಕರಗುತ್ತದೆ. ಗ್ಯಾಸ್ಟ್ರಿಕ್‌ಗೆ ಆಮ್ಲ ತಗ್ಗಿಸುವ ಓಮೆಪ್ರಜೋಲ್ ತೆಗೆದುಕೊಳ್ಳುವವರಲ್ಲಿ ಅದು ರಕ್ತಕ್ಕೆ ಸೇರುವುದೇ ಕಷ್ಟ. ದ್ರವರೂಪದ್ದು ಮಾತ್ರ ಖಾಲಿ ಹೊಟ್ಟೆಗೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಜೊತೆ ಕೊಟ್ಟರೆ ಅದು ಇಟ್ರಾಕೊನಜೋಲ್ ಅನ್ನು ಪೂರ್ತಿ ಖಾಲಿ ಮಾಡಿಬಿಡುತ್ತದೆ. ಕೊಲೆಸ್ಟರಾಲ್ ಮಾತ್ರೆ ಸಿಮ್ವಾಸ್ಟಾಟಿನ್ ಜೊತೆ ಬೇಡವೇ ಬೇಡ. ಹಾಗಾಗಿ ಶುರು ಮಾಡಿದವರಲ್ಲಿ ಸುಮಾರು ಎರಡು ವಾರಕ್ಕೆ ರಕ್ತದಲ್ಲಿ ಔಷಧಿಯ ಮಟ್ಟ ನೋಡಬೇಕು. ಮಟ್ಟ ನೋಡದೆ ಆರು ತಿಂಗಳು ಕೊಟ್ಟು ‘ಔಷಧಿ ಕೆಲಸ ಮಾಡಲಿಲ್ಲ’ ಎನ್ನುವುದು ಸರಿಯಲ್ಲ.

ಇನ್ನೊಂದು ನಷ್ಟ ನಮ್ಮೆಲ್ಲರದ್ದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಸಲ ಅಪಾಯಕಾರಿ ಫಂಗಸ್‌ಗಳ ಪಟ್ಟಿ ಮಾಡಿದಾಗ ಅತಿ ಗಂಭೀರ ಗುಂಪಿನಲ್ಲಿ ಇಟ್ಟ ನಾಲ್ಕರಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಕೂಡ ಒಂದು. ಇಟ್ರಾಕೊನಜೋಲ್ ಗುಂಪಿನ ರಾಸಾಯನಿಕಗಳನ್ನೇ ಬೆಳೆಗಳಿಗೂ ಸಿಂಪಡಿಸುತ್ತಾರೆ, ಹೀಗಾಗಿ ಔಷಧಿಗೆ ಬಗ್ಗದ ತಳಿಗಳು ಮಣ್ಣಿನಲ್ಲೇ ಹುಟ್ಟುತ್ತಿವೆ. ಬಾಯಿಯಿಂದ ತೆಗೆದುಕೊಂಡು ಮನೆಯಲ್ಲೇ ಇರಬಹುದಾದ ಔಷಧಿಗಳು ಬೆರಳೆಣಿಕೆಯಷ್ಟು, ಬಹುಪಾಲು ಇದೇ ಗುಂಪಿನವು. ಬೇಡದಿದ್ದಾಗ ಅರ್ಧಂಬರ್ಧ ತಿಂದು, ನಿಜಕ್ಕೂ ಬೇಕಾದಾಗ ಅದು ಕೈಕೊಟ್ಟರೆ ಮುಂದೆ ಆಸ್ಪತ್ರೆಯಲ್ಲಿ ಮಲಗಿ ಡ್ರಿಪ್‌ನಲ್ಲಿ ತೆಗೆದುಕೊಳ್ಳಬೇಕಾಗುತ್ತದೆ.

ಮಾತ್ರೆ ಬೇಡ ಎಂದರೆ ಏನೂ ಮಾಡಬೇಡಿ ಎಂದಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಔಷಧಿ ಕಫ ಹೊರಗೆ ಹಾಕುವುದು. ರೋಮಗಳು ಮಾಡದ ಕೆಲಸವನ್ನು ನಾವು ಮಾಡಬೇಕು. ಉಸಿರಾಟದ ಫಿಸಿಯೋಥೆರಪಿ ಮಾಡುವವರ ಹತ್ತಿರ ಒಂದು ಸಲ ಕರೆದುಕೊಂಡು ಹೋಗಿ ಕಲಿಯಿರಿ: ನಿಧಾನವಾಗಿ ಆಳವಾದ ಉಸಿರು ತೆಗೆದುಕೊಂಡು, ಎರಡು ಮೂರು ಸೆಕೆಂಡ್ ಹಿಡಿದು, ಕನ್ನಡಿಗೆ ಹಬೆ ಹಿಡಿಸುವ ಹಾಗೆ ಬಾಯಿ ತೆರೆದು ‘ಹಾ’ ಎಂದು ಜೋರಾಗಿ ಬಿಡುವುದು, ನಡುನಡುವೆ ಸುಮ್ನೆ ಉಸಿರಾಡಿ ಸುಧಾರಿಸಿಕೊಳ್ಳುವುದು. ದಿನಕ್ಕೆ ಎರಡು ಸಲ, ಹತ್ತು ಹದಿನೈದು ನಿಮಿಷ. ಕಫ ಬರುತ್ತಿಲ್ಲ ಎನ್ನುವ ದಿನವೂ ಬಿಡಬಾರದು. ಕಫದಲ್ಲಿ ರಕ್ತ ಕಂಡರೆ ಮಾತ್ರ ನಿಲ್ಲಿಸಿ ವೈದ್ಯರನ್ನು ಕೇಳಬೇಕು. ಬೇಸರದ ಕೆಲಸ ಇದು, ನನಗೆ ಗೊತ್ತು. ಮಕ್ಕಳನ್ನು ಜೊತೆಗೆ ಕೂರಿಸಿ ಮಾಡಿಸಿ ನೋಡಿ.

ಬೀಡಿ ಸಿಗರೇಟು ಇನ್ನೂ ಇದ್ದರೆ ಬೇರೆ ಯಾವ ಮಾತಿಗೂ ಅರ್ಥ ಇಲ್ಲ, ಅದು ಮೊದಲು ನಿಲ್ಲಬೇಕು. ಸಿಒಪಿಡಿಯಲ್ಲಿ ಇನ್ಹೇಲರ್ ಸ್ಟೀರಾಯ್ಡ್ ಎಲ್ಲರಿಗೂ ಬೇಕಾಗುವುದಿಲ್ಲ. ಇಯೊಸಿನೊಫಿಲ್ ಕಡಿಮೆ ಇದ್ದವರಿಗೆ ಲಾಭ ಕಡಿಮೆ, ನ್ಯುಮೋನಿಯಾ ಸಾಧ್ಯತೆ ಜಾಸ್ತಿ, ಅದನ್ನು ವೈದ್ಯರ ಹತ್ತಿರ ಕೇಳಿ. ದಮ್ಮು ಜಾಸ್ತಿಯಾದಾಗಲೆಲ್ಲ ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ಈಗಲೇ ಬಿಡಿಸಿ, ಶಾಂತವಾಗಿರುವ ಫಂಗಸ್ ಅಂಗಾಂಶಕ್ಕೆ ನುಗ್ಗಲು ದಾರಿ ಮಾಡಿಕೊಡುವುದು ಬಹಳ ಸಲ ಅದೇ. ನೆಬ್ಯುಲೈಸರ್ ಇದ್ದರೆ ಕಪ್ ಮತ್ತು ಮಾಸ್ಕನ್ನು ಪ್ರತಿ ಸಲ ತೊಳೆದು ಪೂರ್ತಿ ಒಣಗಿಸಿ. ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆ ಹಾಕಿಸಿ.

ಮನೆಯ ಗಾಳಿಯಿಂದ ಬೀಜಕಣಗಳನ್ನು ಪೂರ್ತಿ ತೆಗೆಯಲು ಯಾರಿಂದಲೂ ಆಗದು, ಅದಕ್ಕಾಗಿ ದುಬಾರಿ ಯಂತ್ರಗಳ ಹಿಂದೆ ಹೋಗಬೇಡಿ. ಆದರೆ ಒಂದೇ ಸಲ ರಾಶಿ ರಾಶಿ ಕಣ ಎದೆಗೆ ಇಳಿಯುವ ಕೆಲಸಗಳನ್ನು ತಪ್ಪಿಸಬಹುದು. ಗೊಬ್ಬರದ ಗುಂಡಿ ಕೆದಕುವುದು, ಬೂಷ್ಟು ಹಿಡಿದ ಹುಲ್ಲು ಅಥವಾ ಕಾಳು ಒದರುವುದು, ಒಣಗಿದ ಎಲೆ ಗುಡಿಸುವುದು, ಹಳೆ ಗೋಡೆ ಒಡೆಯುವ ಜಾಗದಲ್ಲಿ ನಿಲ್ಲುವುದು, ಇವು ತಂದೆಯವರ ಕೆಲಸ ಅಲ್ಲ. ಮಾಡಲೇಬೇಕಾದರೆ ಎನ್95 ಮಾಸ್ಕ್ ಹಾಕಿಕೊಳ್ಳಲಿ, ಬಟ್ಟೆ ಕಟ್ಟಿಕೊಂಡರೆ ಸಾಲದು. ಮಲಗುವ ಕೋಣೆಯ ಗೋಡೆಗೆ ತೇವ ಇಳಿಯುತ್ತಿದ್ದರೆ ಬಣ್ಣ ಬಳಿದು ಮುಚ್ಚಬೇಡಿ, ನೀರು ಎಲ್ಲಿಂದ ಬರುತ್ತಿದೆ ನೋಡಿ ಸರಿಮಾಡಿಸಿ.

ಎಲ್ಲ ಶಾಂತವಾಗಿದೆ ಎಂದು ಬಂದರೂ ಫೈಲ್ ಮುಚ್ಚಿಡಬೇಡಿ. ಇವತ್ತಿನ ಕಾಲೊನೈಸೇಶನ್ ಇನ್ನೊಂದು ವರ್ಷಕ್ಕೂ ಹಾಗೇ ಇರುತ್ತದೆ ಎಂದು ಯಾರೂ ಬರೆದುಕೊಡಲು ಆಗುವುದಿಲ್ಲ. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ, ಇದು ನಾನು ಎಲ್ಲರಿಗೂ ಕೇಳಿಕೊಳ್ಳುವ ಮಾತು. ಸಿಪಿಎ ಎಷ್ಟೋ ಸಲ ಮೊದಲು ಕಾಣುವುದು ಸಡಿಲವಾದ ಬಟ್ಟೆಯಲ್ಲಿ. ತೂಕ ಕಾರಣವಿಲ್ಲದೆ ಇಳಿದರೆ, ಕೆಮ್ಮಿನಲ್ಲಿ ಕಂದು ತುಣುಕು ಬಂದರೆ, ಸಂಜೆ ಜ್ವರ ಕಾಣಿಸಿಕೊಂಡರೆ, ದಮ್ಮಿಗೆ ಮಾಮೂಲಿ ಔಷಧಿ ಸಾಕಾಗದೆ ಹೋದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ತೋರಿಸಿ.

ಕಫದಲ್ಲಿ ರಕ್ತದ ಗೆರೆ ಕಂಡರೆ ಅವತ್ತೇ ವೈದ್ಯರಿಗೆ ಫೋನ್ ಮಾಡಿ. ಚಮಚಗಟ್ಟಲೆ ಬಂದರೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ರಕ್ತ ನಿಲ್ಲಿಸುವ ಔಷಧಿ ಇದೆ, ರಕ್ತಸೋರುವ ನಾಳವನ್ನು ಒಳಗಿನಿಂದಲೇ ಮುಚ್ಚುವ ವಿಧಾನವೂ ಇದೆ, ಆದರೆ ಸಮಯಕ್ಕೆ ತಲುಪಬೇಕು. ಟೊಳ್ಳು ಇದ್ದರೆ ಅದು ಬಲಗಡೆ ಇದೆಯಾ ಎಡಗಡೆ ಇದೆಯಾ ಎಂದು ಸಿಟಿ ನೋಡಿದಾಗಲೇ ಕೇಳಿ ಮನೆಯವರೆಲ್ಲ ನೆನಪಿಟ್ಟುಕೊಳ್ಳಿ. ದಾರಿಯಲ್ಲಿ ಅವರನ್ನು ಆ ಮಗ್ಗುಲು ಕೆಳಗೆ ಬರುವ ಹಾಗೆ ಮಲಗಿಸಬೇಕು, ಚೆನ್ನಾಗಿರುವ ಕಡೆಯ ಶ್ವಾಸಕೋಶಕ್ಕೆ ರಕ್ತ ಇಳಿಯಬಾರದು.